ಏರಿಕೆ ಕ್ರಮ

ಊರಿನ ಸಂಜೆಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದವನನ್ನು ಎಲ್ಲರೂ ಅಲ್ಪವಿರಾಮ ಎಂದೇ ಕರೆಯುತ್ತಿದ್ದರು. ಯಾರು ಏನೇ ಮಾತಾಡುತ್ತಿರಲಿ, ನಡುವೆ ಬೆರಳೆತ್ತಿ ಒಂದು ಗಳಿಗೆ ನಿಲ್ಲಿಸಿ, "ಅದು ಹಾಗಲ್ಲ" ಎನ್ನುವುದು ಅವನ ಚಾಳಿ. ಸಾವಿನ ಮನೆಗೆ ಹೋದರೂ ಮೊದಲು ಬಾಗಿಲಿಗೆ ಅಂಟಿಸಿದ ಚೀಟಿಯ ಕಾಗುಣಿತ ನೋಡಿ ಆಮೇಲೆ ಹೆಣ ನೋಡುವ ಆಸಾಮಿ. ಇಂಥವನನ್ನು ಜನ ದ್ವೇಷಿಸಬೇಕಿತ್ತು. ದ್ವೇಷಿಸಲಿಲ್ಲ, ಏಕೆಂದರೆ ಅವನು ಹಿಡಿದ ತಪ್ಪು ನಿಜಕ್ಕೂ ತಪ್ಪೇ ಆಗಿರುತ್ತಿತ್ತು. ಹಿಂದೊಮ್ಮೆ ಕೂಲಿ ಒಪ್ಪಂದದಲ್ಲಿ ಮಾಲೀಕರ ಕಡೆಯವರು ಸದ್ದಿಲ್ಲದೆ ತೂರಿಸಿದ್ದ ಒಂದು ಷರತ್ತನ್ನು ಸಹಿ ಬೀಳುವ ಮುನ್ನ ಹಿಡಿದು ಕೊಟ್ಟವನು ಅವನೇ. ಅಂದಿನಿಂದ ಅವನ ಮಾತೆಂದರೆ ಕಲ್ಲಿನಲ್ಲಿ ಕೊರೆದದ್ದು.

ಅವನ ಮೇಜು ಇದ್ದದ್ದು ಅಚ್ಚಿನ ಯಂತ್ರದ ತಲೆಯ ಮೇಲೆಯೇ ಕಟ್ಟಿದ ಒಂದು ಗೂಡಿನಂಥ ಕೋಣೆಯಲ್ಲಿ. ಮಧ್ಯಾಹ್ನ ಕೆಳಗೆ ಯಂತ್ರ ಶುರುವಾದರೆ ನೆಲ ನಡುಗಿ ಲೋಟದ ಚಹಾದಲ್ಲಿ ಉಂಗುರಗಳೇಳುತ್ತಿದ್ದವು. ಉಂಗುರ ಎದ್ದವೆಂದರೆ ಅಂದಿನ ಪತ್ರಿಕೆ ಕೈಮೀರಿತು; ಇನ್ನು ತಪ್ಪು ಕಂಡರೂ ಕಣ್ಣು ಮುಚ್ಚಿಕೊಳ್ಳುವುದೇ ದಾರಿ. ಯಂತ್ರದಿಂದ ಉದುರುವ ಪತ್ರಿಕೆಗಳನ್ನು ತಟ್ಟಿ ಜೋಡಿಸಿ, ಹುರಿಯಿಂದ ಬಿಗಿದು, ಗಾಡಿಗೆ ಎಸೆಯುವ ಕಟ್ಟು ವಿಭಾಗದಲ್ಲಿ ಇದ್ದವರೆಲ್ಲ ಹೆಂಗಸರು. ಅವರಲ್ಲಿ ಎಲ್ಲರಿಗಿಂತ ಬೇಗ ಗಂಟು ಹಾಕುವವಳು, ಎಲ್ಲರಿಗಿಂತ ಗಟ್ಟಿಯಾಗಿ ಬೈಯುವವಳು ಅವನ ಸ್ವಂತ ಅಕ್ಕ. ಹುರಿ ಕೊರೆದು ಕೊರೆದು ಅವಳ ತೋರುಬೆರಳಿನಲ್ಲಿ ಒಂದು ಕಾಲುವೆಯೇ ಬಿದ್ದಿತ್ತು.

ಆ ವರ್ಷ ಮಾಲೀಕರು ಕಟ್ಟು ಕಟ್ಟುವ ಯಂತ್ರವೊಂದನ್ನು ತರಿಸುವುದಾಗಿ ಹೇಳಿದರು. ಯಂತ್ರ ಒಳಗೆ ಬಂದರೆ ಹೆಂಗಸರು ಹೊರಗೆ. ಕಾರ್ಮಿಕ ಸಂಘ ಮುಷ್ಕರಕ್ಕೆ ತೀರ್ಮಾನಿಸಿತು. ಸಂಘದ ಕಾರ್ಯದರ್ಶಿ ಯಂತ್ರ ಓಡಿಸುವವನು. ಯಂತ್ರದ ಸದ್ದನ್ನೂ ಮೀರಿ ಮಾತಾಡಿ ಅಭ್ಯಾಸವಾಗಿದ್ದ ಅವನಿಗೆ ಗಂಟಲು ಎಂದು ಹೆಸರು. ಘೋಷಣೆಗೆ ಅವನೊಬ್ಬ ಸಾಕು. ಆದರೆ ಮುಷ್ಕರ ನಿಲ್ಲುವುದು ಗಂಟಲಿನ ಮೇಲಲ್ಲ, ಒಲೆಯ ಮೇಲೆ. ಗೇಟಿನ ಮುಂದೆ ಒಂದು ಹಂಡೆ ಕುದಿಯುತ್ತಿದ್ದರೆ ಜನ ಕೂರುತ್ತಾರೆ. ಹಂಡೆ ಆರಿದರೆ ಒಬ್ಬೊಬ್ಬರೇ ಬೆನ್ನು ತಿರುಗಿಸಿ ಹಿಂಬಾಗಿಲಿನಿಂದ ಕೆಲಸಕ್ಕೆ ಹೋಗುತ್ತಾರೆ. ಸಂಘದ ಅಡುಗೆ ನಿಧಿಯಲ್ಲಿ ಇದ್ದದ್ದು ಆ ಹಂಡೆಯ ತಳ ಮುಚ್ಚುವಷ್ಟು.

ಅಲ್ಪವಿರಾಮನ ತಲೆಗೆ ಹುಳ ಹೊಕ್ಕದ್ದು ಆಗಲೇ.

ಕರಡು ತಿದ್ದುವವನಿಗೆ ಜಗತ್ತಿನ ಎಲ್ಲ ವಿದ್ಯೆಯೂ ಗೊತ್ತಿರುತ್ತದೆ, ಬೆರಳು ಮುಳುಗುವಷ್ಟು ಆಳ. ವಾರದ ಪುರವಣಿಗೆ ಯಾರೋ ಮೇಷ್ಟರು ಬರೆದಿದ್ದ ವಿಜ್ಞಾನದ ಲೇಖನವೊಂದು ಅವನ ಮೇಜಿಗೆ ಬಂತು: ಮಾರ್ಕೋವ್ ಸರಪಳಿ. ನಾಳೆ ಏನಾಗಬಹುದೆಂದು ಹೇಳಲು ನಿನ್ನೆ ಮೊನ್ನೆಯ ಪುರಾಣ ಬೇಡ, ಇವತ್ತು ಎಲ್ಲಿ ನಿಂತಿದ್ದೇವೆ ಎಂಬುದಷ್ಟೇ ಸಾಕು ಎನ್ನುವ ಲೆಕ್ಕ ಅದು. ಇವತ್ತು ಮೋಡವಿದ್ದರೆ ನಾಳೆ ಮಳೆಯ ಸಾಧ್ಯತೆ ಇಷ್ಟು, ಬಿಸಿಲಿನ ಸಾಧ್ಯತೆ ಇಷ್ಟು. ಹಳೆಯ ದಿನಗಳನ್ನೆಲ್ಲ ತೆಗೆದು, ಯಾವುದರ ಬೆನ್ನಿಗೆ ಯಾವುದು ಬಂತು ಎಂದು ಗೀಟು ಹಾಕುತ್ತ ಹೋದರೆ ಒಂದು ಕೋಷ್ಟಕವಾಗುತ್ತದೆ. ಅದೇ ಸರಪಳಿ. ಒಂದಕ್ಕೊಂದು ನಂಟಿರುವ ಸಂಗತಿಗಳಿಗೆ ಮಾತ್ರ ಇದು ನಡೆಯುತ್ತದೆ, ದಾಳ ಎಸೆದರೆ, ಚೀಟಿ ಎತ್ತಿದರೆ ನಡೆಯದು ಎಂದು ಮೇಷ್ಟರು ಕೊನೆಯಲ್ಲಿ ಬರೆದೇ ಇದ್ದರು. ಆ ವಾಕ್ಯಕ್ಕೆ ಇವನು ಒಂದು ಅಲ್ಪವಿರಾಮ ಹಾಕಿ ಮುಂದೆ ಹೋದ.

ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಲಾಟರಿ ಫಲಿತಾಂಶ ಬರುತ್ತಿತ್ತು. ಗಾಜಿನ ಗೋಳದಲ್ಲಿ ಚೆಂಡುಗಳು ಕುಣಿದು, ಒಂದಾದ ಮೇಲೊಂದು ಆರು ಚೆಂಡು ಹೊರಬೀಳುವ ಆಟ. ಯಾವ ಸಂಖ್ಯೆಯ ಬೆನ್ನಿಗೆ ಯಾವ ಸಂಖ್ಯೆ ಬೀಳುತ್ತದೆಂದು ಯಾರಾದರೂ ನೋಡಿದ್ದಾರೆಯೇ ಎಂದುಕೊಂಡ. ಹಳೆಯ ಸಂಚಿಕೆಗಳ ಕೋಣೆಗೆ ಹೋಗಿ, ಗೆದ್ದಲಿನ ಪುಡಿ ಊದಿ, ವರ್ಷಗಟ್ಟಲೆ ಫಲಿತಾಂಶ ತೆಗೆದ. ಅಚ್ಚಿನ ಕಾಗದದ ಸುರುಳಿಯ ಕೊನೆಯಲ್ಲಿ ಉಳಿದ ಒಂದು ಬಿಳಿ ಹಾಳೆಯನ್ನು ಬಾಗಿಲಿನಗಲ ಹರಿದು, ಅಡ್ಡಕ್ಕೂ ಉದ್ದಕ್ಕೂ ಸಂಖ್ಯೆ ಬರೆದು, ಮನೆಯ ಗೋಡೆಗೆ ಅಂಟಿಸಿ ಗೀಟು ಹಾಕತೊಡಗಿದ.

ಹಾಳೆ ತುಂಬುತ್ತ ಬಂದಂತೆ ಅವನು ಹಿಂದೆ ಸರಿದು ನಿಂತು ನೋಡಿದ. ಗೀಟುಗಳೆಲ್ಲ ಮೇಲಿನ ಅರ್ಧದಲ್ಲಿ ಮುತ್ತಿಕೊಂಡಿದ್ದವು. ಕೆಳಗಿನ ಅರ್ಧ ಬೋಳು. ಮೂಲೆಯಿಂದ ಮೂಲೆಗೆ ಮೆಟ್ಟಿಲು ಕಡಿದ ಹಾಗೆ ಒಂದು ಗೆರೆ. ಅದರ ಕೆಳಗೆ ಒಂದು ಇರುವೆಯೂ ಇಳಿದಿರಲಿಲ್ಲ. ಒಂದು ವಾರದ ಆರು ಚೆಂಡುಗಳೊಳಗೆ ದೊಡ್ಡ ಸಂಖ್ಯೆಯ ಬೆನ್ನಿಗೆ ಚಿಕ್ಕದು ಎಂದೂ ಬಂದಿರಲಿಲ್ಲ. ಚೆಂಡುಗಳು ಹತ್ತುತ್ತವೆ, ಇಳಿಯುವುದಿಲ್ಲ! ಹೆಂಡತಿ ಬಂದು ನೋಡಿ, "ಗೋಡೆ ಸುಣ್ಣ ಕೇಳ್ತಿತ್ತು, ನೀವು ಹಾಳೆ ಹೊದಿಸಿದ್ರಾ" ಎಂದಳು. ಅವನಿಗೆ ಕೇಳಿಸಲಿಲ್ಲ. ಹಳೆಯ ಒಂದು ವಾರವನ್ನು ತೆಗೆದು ಲೆಕ್ಕ ಹಾಕಿ ನೋಡಿದ. ಆರರಲ್ಲಿ ಮೂರು ಹೊಂದಿದವು. ಆ ವಾರದ ಗೀಟೂ ಅದೇ ಹಾಳೆಯಲ್ಲಿದೆ, ಇದು ಉತ್ತರ ಪಕ್ಕದಲ್ಲಿಟ್ಟುಕೊಂಡು ಬರೆದ ಪರೀಕ್ಷೆ. ಬೇರೆಯವನು ಹೀಗೆ ಮಾಡಿದ್ದರೆ ಬೆರಳೆತ್ತಿ ನಿಲ್ಲಿಸುತ್ತಿದ್ದ. ತಾನೇ ಮಾಡಿದಾಗ ಬೆರಳು ಏಳಲಿಲ್ಲ.

ಹಾಳೆಯನ್ನು ಸುತ್ತಿ ಸಂಘದ ಸಭೆಗೆ ತಂದ. ಸಭೆ ಎಂದರೆ ಕಾಗದದ ಸುರುಳಿಗಳನ್ನು ಇಡುವ ಗೋದಾಮಿನಲ್ಲಿ ಸುರುಳಿಗಳ ಮೇಲೆಯೇ ಕೂತ ಮುದ್ರಣದವರು, ಕಟ್ಟು ವಿಭಾಗದ ಹೆಂಗಸರು. ಇವನು ಹಾಳೆ ಬಿಚ್ಚಿ ತೋರಿಸಿದ. ಅಡುಗೆ ನಿಧಿಯನ್ನು ಒಂದೇ ಸಲ ಟಿಕೆಟಿಗೆ ಹಾಕಿದರೆ ಮುಷ್ಕರ ಎಷ್ಟು ಕಾಲ ಬೇಕಾದರೂ ನಡೆಯುತ್ತದೆ ಎಂದ.

ಮೊದಲು ಎದ್ದವಳು ಅಕ್ಕ.

"ಏ, ಲಾಟರಿ ಅಂದ್ರೆ ಬಡವರು ಖುಷಿಯಿಂದ ಕಟ್ಟೋ ದಂಡ. ನಮ್ಮ ಅನ್ನದ ದುಡ್ಡು ತಗೊಂಡು ಹೋಗಿ ಗೋಲಿ ಆಡ್ತೀಯಾ?"

"ಗೋಲಿ ಅಲ್ಲ ಅಕ್ಕ. ನೋಡು, ಕೆಳಗಡೆ ಅರ್ಧ ಖಾಲಿ. ಅರ್ಧದಷ್ಟು ದಾರಿ ಮುಚ್ಚಿಹೋಗಿದೆ. ಇದು ಯಾರ ಕಣ್ಣಿಗೂ ಬಿದ್ದಿಲ್ಲ."

"ಖಾತ್ರೀನಾ?"

"ಖಾತ್ರಿ."

ಅಕ್ಕ ಹಾಳೆಯನ್ನು ನೋಡಲಿಲ್ಲ, ತಮ್ಮನ ಮುಖ ನೋಡಿದಳು. ಆಮೇಲೆ ಉಳಿದವರ ಕಡೆ ತಿರುಗಿದಳು.

"ನೋಡ್ರಮ್ಮ, ನನಗೆ ಈ ಲೆಕ್ಕ ಅರ್ಥ ಆಗಲ್ಲ. ಆದ್ರೆ ನನ್ನ ಮದುವೆ ಕರೆಯೋಲೇಲಿ ಗಂಡಿನ ಹೆಸರು ತಪ್ಪು ಅಂತ ಹಿಡಿದವನು ಇವನು. ಆಗಿನ್ನೂ ಇವನಿಗೆ ಮೀಸೆ ಬಂದಿರ್ಲಿಲ್ಲ."

"ಗಂಡೇ ತಪ್ಪು ಅಂತ ಯಾಕೆ ಹಿಡೀಲಿಲ್ಲ?" ಹಿಂದಿನಿಂದ ಯಾರೋ ಕೇಳಿದರು.

"ಕಾಗುಣಿತ ನೋಡೋಕೆ ಹೇಳಿದ್ವಿ, ಗುಣ ನೋಡೋಕಲ್ಲ." ಗೋದಾಮು ನಕ್ಕಿತು. ನಗು ಆರುವ ಮುನ್ನ ಅಕ್ಕ ಹೇಳಿದಳು: "ಇವನು ಖಾತ್ರಿ ಅಂದ್ರೆ ಖಾತ್ರಿ. ನಾನು ಕೈ ಎತ್ತುತೀನಿ."

ಅವಳ ಕೈ ಎದ್ದ ಮೇಲೆ ಉಳಿದವು ಏಳಲು ಹೊತ್ತಾಗಲಿಲ್ಲ.

ಲೆಕ್ಕಕ್ಕೆ ಒಂದು ಕೊಂಡಿ ಬಾಕಿ ಇತ್ತು. ಮುಂದಿನ ವಾರದ ಮೊದಲ ಚೆಂಡನ್ನು ಈ ವಾರದ ಮೊದಲ ಚೆಂಡಿನಿಂದ ಹಿಡಿಯಬೇಕಾದ್ದರಿಂದ, ಸರಪಳಿ ಶುರುವಾಗಲು ತೀರ ಹೊಸ ಫಲಿತಾಂಶ ಬೇಕು. ಇವತ್ತು ಎಲ್ಲಿ ನಿಂತಿದ್ದೇವೆ ಎಂಬುದು ತಾನೇ ಎಲ್ಲದಕ್ಕೂ ಬುಡ? ಅದು ಬಂದ ದಿನವೇ ಆರು ಸಂಖ್ಯೆ ತೆಗೆದುಕೊಡುವುದು, ಮರುದಿನ ಗಂಟಲು ಹೋಗಿ ಟಿಕೆಟ್ ತರುವುದು ಎಂದು ಮಾತಾಯಿತು. ಆ ದಿನ ಅಲ್ಪವಿರಾಮ ಬೆಳಗಿನಿಂದ ಬೇರೆ ಕರಡುಗಳನ್ನು ಅರೆಮನಸ್ಸಿನಿಂದ ಓದುತ್ತ, ಅದೊಂದಕ್ಕಾಗಿ ಕಾದು ಕೂತ. ಫೋನಿನಲ್ಲಿ ಕೇಳಿ ಬರೆದುಕೊಂಡು, ಜೋಡಿಸಿ, ಮುದ್ರಿಸಿದ ಕರಡು ಬಂತು. ಪೆನ್ಸಿಲ್ ಹಿಡಿದ ಬಲಗೈ ತನ್ನ ಪಾಡಿಗೆ ಹೊರಟಿತು: ಮೂವತ್ತೆಂಟರ ಸುತ್ತ ಒಂದು ಕುಣಿಕೆ ಎಳೆದು ಐದರ ಆಚೆಗೆ ತಳ್ಳಿತು. ಹನ್ನೆರಡನ್ನು ಹಿಂದಕ್ಕೆ ಎಳೆಯಲು ಬಾಗಿತು.

ಅಲ್ಲಿ ನಿಂತಿತು.

ಚಿಕ್ಕದರಿಂದ ದೊಡ್ಡದಕ್ಕೆ. ಏರಿಕೆ ಕ್ರಮ. ಟಿಕೆಟ್ ಹಿಡಿದು ಹುಡುಕುವವನಿಗೆ ಸುಲಭವಾಗಲಿ ಎಂದು ಆ ನಿಯಮ ಮಾಡಿದವನು ಅವನೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಂಪಾದಕರಿಗೆ ಹೇಳಿ ಒಪ್ಪಿಸಿದ್ದ. ಅವರು ಬೆನ್ನು ತಟ್ಟಿದ್ದರು. ಇಡೀ ಪತ್ರಿಕೆಯಲ್ಲಿ ನನ್ನದು ಎಂದು ಅವನು ಹೇಳಿಕೊಳ್ಳಬಹುದಾಗಿದ್ದದ್ದು ಅದೊಂದೇ. ಜೋಡಿಸುವವರು ಚೆಂಡು ಬಿದ್ದ ಹಾಗೆ ಜೋಡಿಸಿ ಕಳಿಸುತ್ತಿದ್ದರು, ಇವನು ಕುಣಿಕೆ ಹಾಕಿ ಸರಿಮಾಡುತ್ತಿದ್ದ. ವರ್ಷಗಳಾದ ಮೇಲೆ ಅದು ಕೈಯ ಕೆಲಸವಾಯಿತು, ತಲೆಗೆ ವರದಿ ಹೋಗುವುದು ನಿಂತಿತು. ನಗುವವರು ನಗಬಹುದು. ಆದರೆ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ತಿರುಗಿ ಬಂದವರು ನಗುವ ಹಾಗಿಲ್ಲ. ಇವತ್ತು ಮೊದಲ ಬಾರಿಗೆ ಕೈ ಕೆಲಸ ಮುಗಿಸುವ ಮುಂಚೆ ಅವನ ಕಣ್ಣು ಆ ಸಂಖ್ಯೆಗಳನ್ನು ನೋಡಿತ್ತು.

ಕೆಳಗಿನ ಅರ್ಧ ಯಾಕೆ ಬೋಳು ಎಂದು ತಿಳಿಯಿತು. ಅಲ್ಲಿ ಬೀಳಬೇಕಿದ್ದ ಒಂದೊಂದು ಗೀಟನ್ನೂ ವಾರವಾರ ಕೂತು ಅಳಿಸಿದವನು ಅವನೇ.

ಕೋಣೆಯಲ್ಲಿ ಯಾರೂ ಇರಲಿಲ್ಲ, ಆದರೂ ಯಾರಾದರೂ ನೋಡಿದರೇ ಎಂದು ಬಾಗಿಲ ಕಡೆ ತಿರುಗಿದ. ಮೊದಲು ನಾಚಿಕೆಪಟ್ಟದ್ದು ನಿಧಿಗಲ್ಲ, ಹಂಡೆಗಲ್ಲ. ತನ್ನ ತಪ್ಪನ್ನು ಇನ್ನೊಬ್ಬ ಹಿಡಿದುಬಿಟ್ಟರೆ ಎಂಬುದಕ್ಕೆ. ಇದನ್ನು ಅವನ ಪರವಾಗಿ ಮುಚ್ಚಿಡಬೇಕಾದ ಅಗತ್ಯವಿಲ್ಲ. ಕರಡನ್ನು ಏರಿಕೆ ಕ್ರಮಕ್ಕೇ ತಿದ್ದಿ ಕೊಟ್ಟು, ಹೇಳಿಬಿಡಬೇಕೆಂದು ಕೆಳಗಿಳಿದ.

ಟಿಕೆಟ್ ಇನ್ನೂ ಬಂದಿರಲಿಲ್ಲ. ಒಂದು ಮಾತು ಸಾಕಿತ್ತು.

ಕೆಳಗೆ ಕಟ್ಟು ವಿಭಾಗದಲ್ಲಿ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುತ್ತಿದ್ದರು. ಹಂಡೆ ಸಾಲದು, ಇನ್ನೊಂದು ದೊಡ್ಡದು ತರಬೇಕು ಎಂದು ಒಬ್ಬಳು. ಚಹಾಕ್ಕೆ ಹಾಲು ಗಟ್ಟಿಯಾಗಿರಲಿ, ಈ ಸಲ ಮಾಲೀಕನೇ ಬಂದು ಲೋಟ ಒಡ್ಡಲಿ ಎಂದು ಇನ್ನೊಬ್ಬಳು. ಇವನನ್ನು ಕಂಡು ಅಕ್ಕ ಸುರುಳಿಯೊಂದರ ಮೇಲೆ ಕೂರಲು ಜಾಗ ಮಾಡಿದಳು. ತನಗೆಂದು ಸುರಿದುಕೊಂಡಿದ್ದ ಚಹಾವನ್ನು ಅವನ ಕೈಗಿಟ್ಟಳು.

"ಕುಡಿ. ಮುಖ ನೋಡು, ಬಿಳಿ ಸುಣ್ಣ. ನಿದ್ದೆ ಬಿಟ್ಟು ಲೆಕ್ಕ ಮಾಡಿದೀಯ."

ಗಂಟಲು ಯಂತ್ರದ ಹಿಂದಿನಿಂದ ಕೂಗಿದ: "ಏನಪ್ಪಾ ಜ್ಯೋತಿಷಿ, ಎಲ್ಲಿ ಆರು ನಂಬರು?"

ಬೆರಳೆತ್ತಿ "ಅದು ಹಾಗಲ್ಲ" ಎನ್ನುವುದು ಅವನಿಗೆ ಉಸಿರಾಟದಷ್ಟು ಸಲೀಸು. ಅಂದು ಬೆರಳು ಲೋಟಕ್ಕೆ ಅಂಟಿಕೊಂಡಿತ್ತು. ಅಕ್ಕ ಅವನನ್ನೇ ನೋಡುತ್ತಿದ್ದಳು, ಹೆಮ್ಮೆಯಿಂದ. ಆ ಹೆಮ್ಮೆಯನ್ನು ಮುರಿಯಲು ಅವನಿಂದಾಗಲಿಲ್ಲ. ಚಹಾ ಮುಗಿಸಿದ. ಜೇಬಿನಿಂದ ಚೀಟಿ ತೆಗೆದು, ಸುರುಳಿಯ ಮೇಲಿಟ್ಟು ಆರು ಸಂಖ್ಯೆ ಬರೆದ. ಯಾವ ಲೆಕ್ಕವೂ ಇಲ್ಲ, ಕೈಗೆ ಬಂದದ್ದು. ಅವೂ ಏರಿಕೆ ಕ್ರಮದಲ್ಲೇ ಬಂದವು.

ಮರುದಿನ ಗಂಟಲು ನಿಧಿಯ ದುಡ್ಡಿಗೆಲ್ಲ ಅದೇ ಸಂಖ್ಯೆಯ ಟಿಕೆಟ್ ತಂದ. ಆಮೇಲಿನ ದಿನಗಳಲ್ಲಿ ಅಲ್ಪವಿರಾಮ ತನಗೆ ತಾನೇ ಒಂದು ನ್ಯಾಯ ಹೇಳಿಕೊಂಡ: ಬಂದರೂ ಬರಬಹುದಲ್ಲ. ಯಾವುದೋ ಆರು ಬರಲೇಬೇಕಲ್ಲ. ಲಾಟರಿ ಅಂಗಡಿಯ ಮುಂದೆ ಸಾಲು ನಿಲ್ಲುವ ಪ್ರತಿಯೊಬ್ಬನೂ ಹೇಳಿಕೊಳ್ಳುವ ಮಾತು ಅದು. ಅವರನ್ನು ಕಂಡು ನಗುತ್ತಿದ್ದವನು ಈಗ ಅದೇ ಸಾಲಿನಲ್ಲಿ, ಅವರಿಗಿಂತ ಹಿಂದೆ ನಿಂತಿದ್ದ. ಅವರಿಗೆ ಕನಿಷ್ಠ ನಂಬಿಕೆಯಾದರೂ ಇತ್ತು.

ಫಲಿತಾಂಶದ ಕರಡು ಮೊದಲು ಬಂದದ್ದು ಅವನ ಮೇಜಿಗೇ. ಒಂದೂ ಹೊಂದಲಿಲ್ಲ. ಕುಣಿಕೆ ಹಾಕಿ, ಚಿಕ್ಕದರಿಂದ ದೊಡ್ಡದಕ್ಕೆ ತಿದ್ದಿ, ಕೆಳಗೆ ಕಳಿಸಿದ. ಲೋಟದಲ್ಲಿ ಉಂಗುರಗಳೆದ್ದವು. ಅಕ್ಕ ಆ ಪತ್ರಿಕೆಯನ್ನು ತಟ್ಟಿ ಜೋಡಿಸಿ, ಹುರಿ ಬಿಗಿದು, ಗಾಡಿಗೆ ಎಸೆಯುತ್ತಿದ್ದದ್ದು ಮೇಲಿನ ಕಿಟಕಿಯಿಂದ ಕಾಣುತ್ತಿತ್ತು. ಯಾರೋ ಒಂದು ಪ್ರತಿ ಬಿಚ್ಚಿ ನೋಡಿದರು. ಕಟ್ಟು ವಿಭಾಗದ ಮಾತು ನಿಂತಿತು, ಕೈಗಳು ನಿಲ್ಲಲಿಲ್ಲ.

ಅವನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಗಂಟಲು ಬಂದು ಹೆಗಲ ಮೇಲೆ ಕೈಯಿಟ್ಟು, ಅವನಿಗೆ ಸಾಧ್ಯವಿರುವಷ್ಟು ಮೆಲ್ಲಗೆ, ಎಂದರೆ ಪಕ್ಕದ ಬೀದಿಗೆ ಕೇಳಿಸುವಷ್ಟು ಮೆಲ್ಲಗೆ ಹೇಳಿದ: "ಬಿಡಯ್ಯ, ನಿನ್ನ ಲೆಕ್ಕ ಸರಿ ಇತ್ತು. ನಮ್ಮ ಹಣೆಬರಹ ಸರಿ ಇರ್ಲಿಲ್ಲ." ಅಕ್ಕ ಹೆಂಗಸರ ನಡುವೆ ನಿಂತು, "ಇವನ ಬಗ್ಗೆ ಯಾರಾದ್ರೂ ಬಾಯಿ ಬಿಟ್ರೆ ನೋಡಿ, ಮೊದಲು ಕೈ ಎತ್ತಿದವಳು ನಾನು" ಎಂದಳು. ಇಂಗು ತಿಂದ ಮಂಗನ ಹಾಗೆ ಅವನು ತಲೆಯಾಡಿಸಿದ.

ಮುಷ್ಕರ ಶುರುವಾಯಿತು. ಗೇಟಿನ ಎದುರಿನ ಗೋಡೆಗೆ ತಾಡಪಾಲು ಕಟ್ಟಿದರು, ಇಟ್ಟಿಗೆಯ ಮೇಲೆ ಹಂಡೆ ಏರಿತು. ಮನೆಮನೆಯಿಂದ ಅಕ್ಕಿ ಬೇಳೆ ತಂದು ಸುರಿದರು. ನಿಧಿ ಇದ್ದಿದ್ದರೆ ಗೆದ್ದೇ ಗೆಲ್ಲುತ್ತಿದ್ದರು ಎನ್ನಲಾಗದು. ತುಂಬಿದ ಹಂಡೆ ಇಟ್ಟುಕೊಂಡೂ ಸೋತ ಮುಷ್ಕರಗಳಿವೆ. ಆದರೆ ಮನೆಗಳಲ್ಲಿ ಇದ್ದದ್ದೇ ಅಷ್ಟು. ಅನ್ನ ಬರಬರುತ್ತ ತಿಳಿಯಾಯಿತು, ಆಮೇಲೆ ಬರೀ ಚಹಾ, ಆಮೇಲೆ ಬಿಸಿನೀರು. ತಾಡಪಾಲಿನ ಕೆಳಗೆ ಕೂರುವವರ ನಡುವೆ ಜಾಗ ಹೆಚ್ಚುತ್ತ ಹೋಯಿತು. ಹಿಂಬಾಗಿಲಿನ ಕೀಲು ಕಿರುಗುಟ್ಟುವುದು ಎದುರಿನವರೆಗೂ ಕೇಳಿಸುತ್ತಿತ್ತು. ಮುಂದುವರಿಸುವುದೋ ಬಿಡುವುದೋ ಎಂದು ತೀರ್ಮಾನಿಸಲು ಗಂಟಲು ಎಲ್ಲರನ್ನೂ ಕರೆದ.

ಸಭೆಗೆ ಮುನ್ನ ಅಕ್ಕ ಗೋಡೆಯ ಬುಡದಲ್ಲಿ ಕೂತು ಹಂಡೆಗೆ ಮರಳು ಹಾಕಿ ಉಜ್ಜುತ್ತಿದ್ದಳು. ಅದರಲ್ಲಿ ಉಜ್ಜುವಂಥದ್ದೇನೂ ಇರಲಿಲ್ಲ. ಅಲ್ಪವಿರಾಮ ಹೋಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಅಕ್ಕ, ಒಂದು ಮಾತು."

"ಹೇಳು. ಕೈಗೆ ಕೆಲಸ ಇದೆ, ಕಿವಿ ಖಾಲಿ ಇದೆ."

"ಆ ಲೆಕ್ಕ ತಪ್ಪಿತ್ತು."

"ಬರ್ಲಿಲ್ಲ ಅಂದ್ಮೇಲೆ ತಪ್ಪೇ ತಾನೇ. ಅದಕ್ಕೇನೀಗ."

"ಹಾಗಲ್ಲ. ಚೆಂಡು ಹೆಂಗಂದ್ರೆ ಹಂಗೆ ಬೀಳುತ್ತೆ. ಪೇಪರಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸೋನು ನಾನೇ. ನಾನು ಜೋಡಿಸಿದ್ದನ್ನೇ ಹಳೇ ಪೇಪರಲ್ಲಿ ನೋಡಿ, ಏನೋ ದೊಡ್ಡ ಗುಟ್ಟು ಸಿಕ್ತು ಅಂದ್ಕೊಂಡೆ."

ಅಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ನಕ್ಕಳು. ಹಂಡೆಯೊಳಗೆ ತಲೆಯಿದ್ದುದರಿಂದ ನಗು ದೊಡ್ಡದಾಗಿ ಕೇಳಿಸಿತು.

"ಅಂದ್ರೆ ನಿನ್ನ ಹೆಜ್ಜೆ ಗುರುತನ್ನೇ ಹಿಡ್ಕೊಂಡು ಹೋಗಿ, ಕಳ್ಳ ಸಿಕ್ಕ ಅಂತ ಕೂಗಿದೆ."

"ಹೂಂ."

"ಥೂ, ನಿನ್ನ." ಮತ್ತೆ ಎರಡು ಸಲ ಉಜ್ಜಿದಳು. ಆಮೇಲೆ ಅವಳ ಕೈ ನಿಧಾನವಾಯಿತು. "ಯಾವಾಗ ಗೊತ್ತಾಯ್ತು?"

'ಆಮೇಲೆ' ಎಂಬ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅದನ್ನು ಹೇಳಿದ್ದರೆ ಅಕ್ಕ ನಂಬುತ್ತಿದ್ದಳು. ನಂಬುತ್ತಾಳೆ ಎಂಬುದೇ ಅವನಿಗೆ ಹೇಸಿಗೆಯಾಯಿತು.

"ಟಿಕೆಟ್ ತರೋಕೆ ಮುಂಚೆ. ಹಿಂದಿನ ದಿನ."

"ಕೆಳಗಡೆ ಬಂದಿದ್ದೆಯಲ್ಲ, ಆವತ್ತಾ?"

"ಹೇಳೋಕೇ ಬಂದಿದ್ದೆ."

"ನಾನು ಚಹಾ ಕೊಟ್ಟೆ."

"ಹೂಂ."

"ಕುಡಿದೆ."

"ಹೂಂ."

ಅಕ್ಕ ಹಂಡೆಯನ್ನು ಬೋರಲು ಹಾಕಿದಳು. ಬೆರಳಿನ ಕಾಲುವೆಯಲ್ಲಿ ಮರಳು ಕೂತಿತ್ತು, ಉಗುರಿನಿಂದ ಕೆರೆದು ತೆಗೆದಳು. ಅವಳು ಕೆನ್ನೆಗೆ ಬಾರಿಸುತ್ತಾಳೆಂದು ಅವನು ಕಾದ. ಆ ಆಸೆಯೂ ಇತ್ತು.

"ನನಗೊಬ್ಬಳಿಗೆ ಹೇಳಿ ಹಗುರ ಆಗೋಣ ಅಂತ ಬಂದ್ಯಾ? ಅದಾಗಲ್ಲ. ನಿನ್ನ ಮುಖ ನೋಡಿ ಕೈ ಎತ್ತಿದವಳು ನಾನು. ನನ್ನ ಕೈ ನೋಡಿ ಎತ್ತಿದವರು ಅವರು. ಏಳು. ಅಲ್ಲಿ ಹೋಗಿ ಹೇಳು, ಆ ಚಹಾ ಸಮೇತ ಹೇಳು."

ತಾಡಪಾಲಿನ ಕೆಳಗೆ ಉಳಿದವರು ಕೂತಿದ್ದರು. ಬೆಂಚೊಂದಿತ್ತು, ಅವನು ಅದರ ಮೇಲೆ ಹತ್ತಿ ನಿಂತ. ಬೆರಳೆತ್ತಲಿಲ್ಲ. ಎಲ್ಲವನ್ನೂ ಹೇಳಿದ: ಕುಣಿಕೆ, ಬೋಳಾದ ಕೆಳಗಿನ ಅರ್ಧ, ಪೆನ್ಸಿಲ್ ನಿಂತದ್ದು, ಚಹಾ, ಕೈಗೆ ಬಂದ ಆರು ಸಂಖ್ಯೆ. ತಲೆ ತಗ್ಗಿಸಿಯೇ ಹೇಳಿದ್ದರಿಂದ ಅವರ ಚಪ್ಪಲಿಗಳು ಮಾತ್ರ ಕಂಡವು. ಕಲ್ಲು ಬೀಳಬಹುದು, ಉಗುಳು ಬೀಳಬಹುದು ಎಂದು ಭುಜ ಬಿಗಿದುಕೊಂಡಿದ್ದ.

ಮೊದಲು ಮಾತಾಡಿದವನು ಗಂಟಲು. ಕೋಪವಿರಲಿಲ್ಲ, ಎಂದೂ ಇಲ್ಲದಷ್ಟು ಮೆತ್ತಗಿತ್ತು ದನಿ.

"ಅಂದ್ರೆ... ಆ ಸರಪಳಿ ತಪ್ಪಲ್ಲ. ನೀನು ಜೋಡಿಸಿದ್ದು ತಪ್ಪು. ಅಲ್ವಾ?"

"ಏನು?"

"ಚೆಂಡು ಬಿದ್ದ ಹಾಗೇ ಬರೆದು, ಮೊದಲಿಂದ ಲೆಕ್ಕ ಮಾಡಿದ್ರೆ?"

ಅವನು ತಲೆಯೆತ್ತಿದ. ಹಸಿದ ಮುಖಗಳೆಲ್ಲ ಒಂದು ಗೇಣು ಮುಂದಕ್ಕೆ ಬಂದಿದ್ದವು. ಫೋನಿನಲ್ಲಿ ಬರೆದುಕೊಂಡ ಹಳೆಯ ಚೀಟಿಗಳು ರದ್ದಿಯ ಕೋಣೆಯಲ್ಲಿ ಇನ್ನೂ ಸಿಗಬಹುದು ಎಂದು ಒಬ್ಬಳು ಪಕ್ಕದವಳಿಗೆ ಹೇಳುತ್ತಿದ್ದಳು. ಮುಷ್ಕರ ಮುಂದುವರಿಸುವುದೋ ಬಿಡುವುದೋ ಎಂಬ ಮಾತು ಯಾರ ಬಾಯಲ್ಲೂ ಇರಲಿಲ್ಲ. ಕಲ್ಲು ಬಿದ್ದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

"ಇಲ್ಲ," ಎಂದ. "ಆಗಲ್ಲ. ಹೇಗೆ ಬರೆದ್ರೂ ಆಗಲ್ಲ. ಚೆಂಡಿಗೆ ನೆನಪಿರಲ್ಲ, ಹಿಂದೆ ಯಾವುದು ಬಿತ್ತು ಅಂತ ಅದಕ್ಕೆ ಗೊತ್ತಿಲ್ಲ. ಇದು ಖಾತ್ರಿ."

"ಆವತ್ತೂ ಹಿಂಗೇ ಖಾತ್ರಿ ಅಂದಿದ್ದೆ," ಹಿಂದಿನ ಸಾಲಿನಿಂದ ಒಬ್ಬಳು ಹೇಳಿದಳು. ಚುಚ್ಚಲು ಹೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ಅನುಮಾನವಿತ್ತು.

ಅವನು ಮತ್ತೆ ಬಾಯಿ ತೆರೆದ. ಅಕ್ಕ ಬಂದು ಅವನ ಅಂಗಿಯ ತುದಿ ಹಿಡಿದು ಕೆಳಕ್ಕೆ ಎಳೆದಳು.

"ಕೂತ್ಕೋ," ಎಂದಳು. "ನೀನು ನಿಂತಷ್ಟೂ ನಂಬ್ತಾರೆ."